ಹಾನಗಲ್ಲ ಅನ್ನೋ ಟೇಶನ್ನು

– ಮೊದಲ ರಸೀದಿ ತೋರ್ಸವ್ವಾ. ಸಿಟ್ಟು ಆಮ್ಯಾಲೆ ಮಾಡೂಣು.

– ತಗೋರಿ ಕಾಕಾ. ಆದ್ರ ಸಿಟ್ಟು ಆಮ್ಯಾಲಿನ ಮಾತಲ್ಲ. ಅರವತ್ತು ದಾಟಿದ ಹೆಣ್ಮಗಳು, ಒಂದು ಗಾಡಿ ಬಿಟ್ಟು ಇನ್ನೊಂದು ಹತ್ತಿದ್ಲು ಅಂತ ನಾಕು ಮಂದಿ ಮುಂದ ನಿಂದ್ರಿಸಿ ದಂಡ ಹಾಕ್ಯಾರ. ನೀವು ನೌಕರಿ ಪೂರಾ ಬುಕಿಂಗ್ ಕಿಟಕಿ ಹಿಂದ ಕುಂತವ್ರು. ಈ ರೊಕ್ಕ ತಿರುಗಿ ಹೆಂಗ ತರಬೇಕು, ಅದನ್ನ ಹೇಳ್ರಿ.

– ಯಾವ ಗಾಡಿ?

– ಅದರ ಹೆಸರು ಅರ್ಜಿಯೊಳಗ ಇರ್ಲಿ, ಇಲ್ಲೆ ಬ್ಯಾಡ. ಬೆಂಗಳೂರ ಕಡೆಯಿಂದ ಹುಬ್ಬಳ್ಳಿಗೆ ಹೋಗೂ ಒಂದು ಸೂಪರ್‌ಫಾಸ್ಟ್ ಅಂತ ಇಟ್ಕೋರಿ. ಅವ್ವ ಹಾನಗಲ್ಲಿಂದ ಬಸ್ಸಿನ್ಯಾಗ ಹಾವೇರಿಗೆ ಬಂದ್ಲು. ಅಲ್ಲೆ ನಮ್ಮ ಅಕ್ಕನ ಮಗ ಕೂಡಿಕೊಂಡ. ಇಬ್ರಿಗೂ ಸೇರಿಸಿ ಅಂವ ತನ್ನ ಮೊಬೈಲಿನ್ಯಾಗ ಪ್ಯಾಸೆಂಜರ್ ಗಾಡಿ ಟಿಕೀಟು ತಗದ. ಗಾಡಿ ತಡ ಐತಿ ಅಂತ ನೀರಿನ ಬಾಟ್ಲಿ ತರಾಕ ಹೋದ. ಅಷ್ಟರಾಗ ಒಂದು ಗಾಡಿ ಬಂತು, ಹುಬ್ಬಳ್ಳಿ ಹುಬ್ಬಳ್ಳಿ ಅಂತ ಮಂದಿ ಓಡಿದ್ರು, ಈಕಿನೂ ಓಡಿ ಹತ್ತಿದ್ಲು. ಬಿಟ್ಟ ಮ್ಯಾಲೆ ಗೊತ್ತಾತು, ಹುಡುಗ ಹತ್ತಿಲ್ಲ, ಟಿಕೀಟು ಅಂವನ ಕಿಸೇದಾಗ ಐತಿ ಅಂತ. ಕರಜಗಿ ದಾಟೂದ್ರಾಗ ಟೀಸಿ ಬಂದ. ಎಲ್ಲಿಂದ ಬಂದಿ ಅಂತ ಕೇಳಿದ. ಹಾನಗಲ್ಲಿಂದ ಅಂದ್ಲು.

– ಹಾಳಾತು.

– ಯಾಕ್ರಿ, ಖರೇನ ಹೇಳ್ಯಾಳಲ್ಲ?

– ಖರೇನ ಹೇಳಿ ಸಿಕ್ಕೊಂಡಾಳ. ಅಂವ ನಮ್ಮ ಕಡೆಯಾಂವ ಇರ್ಲಿಕ್ಕಿಲ್ಲ.

– ಅಲ್ರಿ, ಹಿಂದಿ ಮಾತಾಡಾಂವ. ಬಾಜೂ ಕುಂತಾವ್ರು ಹೇಳಿದ್ದನ್ನ ಕೇಳಿ ತನ್ನ ಮಷೀನಿನ್ಯಾಗ ಹುಡುಕಿದ್ನಂತ. ಹಾನಗಲ್ಲ ಅನ್ನೋ ಟೇಶನ್ನ ಸಿಗಲಿಲ್ಲ. ಮತ್ತೊಮ್ಮೆ ಕೇಳಿದ, ಎಲ್ಲಿ ಹತ್ತಿದಿ ಅಂತ. ಈಕಿಗೆ ಅದು ತಿಳಿಯಲಿಲ್ಲ, ಹಾನಗಲ್ಲ ಅಂತ ಇನ್ನೂ ಜೋರಾಗಿ ಅಂದ್ಲು. ಹಾವೇರಿ ಅನ್ನೋ ಮಾತು ಆಕಿ ಬಾಯಿಗೆ ಬರಲೇ ಇಲ್ಲ. ಆಕಿ ಲೆಕ್ಕದಾಗ ಹಾವೇರಿ ಅಂದ್ರ ಬಸ್ಸು ಇಳಿದು ಗಾಡಿ ಹತ್ತೂ ಜಾಗ, ಅಲ್ಲಿಂದ ಯಾರೂ ಬರೂದಿಲ್ಲ.

– ರಸೀದಿಯೊಳಗ ಅದ ಕಾಣ್ತೈತಿ ನೋಡು. ಇಲ್ಲಿ ಎರಡು ಬಾಬ್ತು ಅದಾವ. ಒಂದು 250 ರೂಪಾಯಿ. ಇನ್ನೊಂದು ಬಾಡಿಗಿ, ಅದೂ ಹಾವೇರಿಯಿಂದ ಅಲ್ಲ, ಬೆಂಗಳೂರಿಂದ ಹುಬ್ಬಳ್ಳಿ ಮಟ. ನೀ ಇವೆರಡನ್ನೂ ಕೂಡಿಸಿ ದಂಡ ದಂಡ ಅನ್ನಾಕ ಹತ್ತೀದಿ. ಕೂಡಿಸಿ ಜಗಳಾ ಮಾಡಿದ್ರ ಎರಡನ್ನೂ ಸೋಲ್ತಿ. ಬಿಡಿಸಿ ಮಾಡಿದ್ರ ಒಂದಾದ್ರೂ ಗೆಲ್ತಿ.

– 250 ಯಾಕ ಕೊಡಬೇಕ್ರಿ? ಆಕಿ ಮೋಸ ಮಾಡ್ಯಾಳೇನು? ಟಿಕೀಟು ತಗದಾದ ಮ್ಯಾಲೆ ಗಾಡಿ ತಪ್ಪಿ ಹತ್ಯಾಳ.

– ಮೋಸದ ಮಾತು ಬ್ಯಾರೆ ಕಲಮಿನ್ಯಾಗ ಬರ್ತೈತಿ. 1989ರ ರೈಲ್ವೆ ಕಾಯ್ದೆ ಅಂತ ಐತಲ್ಲ, ಅದರ 137ನೇ ಕಲಮು ಮೋಸದ ಉದ್ದೇಶದಿಂದ ಹೋಗಾಂವಗ. ಅಂವನ್ನ ಮ್ಯಾಜಿಸ್ಟ್ರೇಟರ ಮುಂದ ನಿಂದ್ರಿಸಬೇಕು. ಆರು ತಿಂಗಳ ತನಕ ಜೈಲು, ಇಲ್ಲಾ 1000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ನಿಮ್ಮವ್ವಗ ಹಚ್ಚಿದ್ದು ಅದಲ್ಲ, ಅದರ ಮುಂದಿಂದು, 138. ಅದು ಮನಸಿನ್ಯಾಗ ಏನಿತ್ತು ಅಂತ ಕೇಳೂದಿಲ್ಲ. ಟಿಕೀಟು ತೋರ್ಸು ಅಂದಾಗ ಅಲ್ಲೇ ತೋರಿಸಲಿಲ್ಲೋ, ಮುಗೀತು. ಹೋದಷ್ಟು ದೂರದ ಬಾಡಿಗಿ, ಅದರ ಮ್ಯಾಲೆ ಹೆಚ್ಚಿನ ಶುಲ್ಕ ಅಂತ ಅಷ್ಟೇ ಬಾಡಿಗಿ ಇಲ್ಲಾ 250, ಯಾವುದು ಜಾಸ್ತಿನೋ ಅದು. 2004ಕ್ಕ ಮೊದಲ ಈ 250 ಇದ್ದ ಜಾಗದಾಗ 50 ಇತ್ತು.

– ಅಂದ್ರ ಬೇಕಂತ ಟಿಕೀಟು ತಗೀದಾಂವ, ತಪ್ಪಿ ಹತ್ತಿದ ನಮ್ಮವ್ವ, ಇಬ್ರೂ ಒಂದ ತಕ್ಕಡಿಯಾಗ?

– ಗಾಡಿಯೊಳಗ, ಹೌದು. ಆ ಹುಡುಗ ಆಕಿ ಜೋಡಿ ಇದ್ದು ಮೊಬೈಲ್ ತೋರ್ಸಿದ್ರೂ ಏನಾರ ಕೊಡಬೇಕಾಗ್ತಿತ್ತು. ಪ್ಯಾಸೆಂಜರ್ ಟಿಕೀಟಿನ ಮ್ಯಾಲೆ ಸೂಪರ್‌ಫಾಸ್ಟ್ ಹತ್ತಿದ್ರ ಅದು ಮ್ಯಾಲಿನ ದರ್ಜೆಯ ಗಾಡಿ. ಬಾಡಿಗಿ ವ್ಯತ್ಯಾಸಾನೂ ಹೆಚ್ಚಿನ ಶುಲ್ಕಾನೂ ಬರ್ತಾವ. ತಪ್ಪಿ ಹತ್ತಿದೆ ಅಂತ ಹೇಳೂದರಿಂದ 250 ಹೋಗೂದಿಲ್ಲವ್ವಾ. ಟೀಸಿಗೆ ಅದನ್ನ ಮಾಫ್ ಮಾಡೂ ಅಧಿಕಾರ ಕಾಯ್ದೆ ಕೊಟ್ಟಿಲ್ಲ. ಕೊಟ್ಟಿದ್ರ ಗಾಡಿಯಾಗ ಕುಂತ ಅರ್ಧ ಮಂದಿ ತಪ್ಪಿ ಹತ್ತಿದಾವ್ರ ಆಗ್ತಿದ್ರು. ನೀ ಸಿಟ್ಟಾಗಬ್ಯಾಡ, ಕಿಟಕಿ ಹಿಂದ ಕುಂತಾಗ ನಾ ಇಂಥವ್ರನ್ನ ಭಾಳ ನೋಡೀನಿ.

– ನೋಡಿದ್ದಕ್ಕ ಹಿಂಗ ಅಂತೀರಿ. ತಪ್ಪಿ ಹತ್ತಿದಾವ್ರು ಬಚಾವ್ ಆಗೂ ದಾರಿ ಒಂದೂ ಇಲ್ಲೇನು ಆ ಕಾಯ್ದೆದಾಗ?

– ಒಂದು ಸಣ್ಣ ಬಾಗಲಾ ಐತಿ, 55ನೇ ಕಲಮಿನ್ಯಾಗ. ಸಿಕ್ಕೊಳ್ಳೂದಕ್ಕ ಮೊದಲ ತಾನ ಹೋಗಿ ಗಾರ್ಡಿಗೋ ಟೀಸಿಗೋ ಹೇಳಿ, ಹಿಂಗಾಗೇತಿ, ಬಾಡಿಗಿ ಕೊಡ್ತೀನಿ ಅಂತ ಪರವಾನಗಿ ತಗೊಂಡು, ಒಂದು ಪ್ರಮಾಣಪತ್ರ ಬರಸಿಕೊಂಡ್ರ, ಆ ಹೆಚ್ಚಿನ ಶುಲ್ಕ ಬೀಳೂದಿಲ್ಲ, ಬಾಡಿಗಿ ಅಷ್ಟ. ಮೊದಲ ಬಾಯಿ ತಗದಾಂವ ಬ್ಯಾರೆ, ಕೇಳಿದ ಮ್ಯಾಲೆ ಬಾಯಿ ತಗದಾಂವ ಬ್ಯಾರೆ. ಪ್ರಾಮಾಣಿಕತನ ಅಳಿಯಾಕ ರೈಲ್ವೆದವ್ರ ಹತ್ರ ಇರೂದು ಇದೊಂದ ಮಾಪು.

– ಕಾಕಾ, ನಮ್ಮವ್ವಗ ಕರೀ ಕೋಟು ಹಾಕ್ಕೊಂಡಾಂವ ಟೀಸಿ ಅಂತ ಗೊತ್ತಾಗಿದ್ದು ಅಂವ ಬಂದು ಮುಂದ ನಿಂತ ಮ್ಯಾಲೆ. ಗಾರ್ಡು ಗಾಡಿ ಯಾವ ತುದಿಯಾಗ ಇರ್ತಾನ ಅನ್ನೋದು ನನಗೂ ಗೊತ್ತಿಲ್ಲ. ತುಂಬಿದ ಜನರಲ್ ಡಬ್ಬಿಯೊಳಗಿಂದ ಎದ್ದು ಹೋಗಿ ಯಾರಿಗೆ ಹೇಳಬೇಕು? ಗೊತ್ತಿದ್ದಾವ್ರಿಗಷ್ಟ ತೆಗೀತೈತಿ ನಿಮ್ಮ ಬಾಗಲಾ.

– ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಡಬ್ಬಿಯೊಳಗ ಇಂಥಾ ಕಲಮು ಐತಿ ಅಂತ ಒಂದು ಬೋರ್ಡು ಹಾಕಿದ್ದನ್ನ ನಾನಂತೂ ನೋಡಿಲ್ಲ. ದಂಡದ ಬೋರ್ಡು ಎಲ್ಲಾ ಕಡೆ ಐತಿ.

– ಮತ್ತ ಪೇಪರಿನ್ಯಾಗ ಬರ್ತೈತಲ್ರಿ, ಟಿಕೀಟು ತಪಾಸಣಿಯಿಂದ ಇಷ್ಟು ಕೋಟಿ ವಸೂಲಿ ಅಂತ, ದೊಡ್ಡ ಪರಾಕ್ರಮ ಮಾಡಿದಾಂಗ.

– ಆ ಮೊತ್ತದಾಗ ಕಳ್ಳನೂ ಅದಾನ, ನಿಮ್ಮವ್ವನೂ ಅದಾಳ. ಟಿಕೀಟಿಲ್ಲದ ಹಾಗೂ ಅನಿಯಮಿತ ಪ್ರಯಾಣ ಅಂತ ಒಂದ ಗಂಟು ಕಟ್ಟಿ ಬರೀತಾರ. ಯಾರು ಬೇಕಂತ ಹತ್ತಿದ್ರು, ಯಾರು ಗಲಿಬಿಲಿಯಾಗಿ ಹತ್ತಿದ್ರು ಅನ್ನೋ ಲೆಕ್ಕ ಅದರಾಗ ಹುಡುಕಿದ್ರೂ ಸಿಗೂದಿಲ್ಲ. ಗಲಿಬಿಲಿ ಎಷ್ಟು ಅಂತ ತಿಳಿದ್ರ ನಾಳೆ ಟೇಶನ್ನಿನ ಧ್ವನಿವರ್ಧಕಾನೂ ಬೋರ್ಡೂ ಸುಧಾರಿಸಬೇಕಾಗ್ತೈತಿ. ನಿನಗ ಹೇಳಾಕ ಅಡ್ಡಿಯಿಲ್ಲ, ನಾ ಈಗ ನೌಕರಿಯೊಳಗ ಇಲ್ಲ.

– ಬಸ್ಸಿನ್ಯಾಗ ಹಿಂಗ ಇಲ್ಲರಿ. ತಪ್ಪಿ ಹತ್ತಿದ್ರ ಕಂಡಕ್ಟರ್ ಬೈದು ಮುಂದಿನ ಸ್ಟಾಪಿಗೆ ಇಳಸ್ತಾನ, ಆ ಬಸ್ಸು ಹಿಂದ ಬರಾಕ್ಹತ್ತೈತಿ ನೋಡಬೇ ಅಂತಾನ, ಮುಗೀತು.

– ಅಲ್ಲೆ ಕಂಡಕ್ಟರ್ ನಿನ್ನ ಹತ್ರ ಬಂದು ಟಿಕೀಟು ಕೊಡ್ತಾನ. ಇಲ್ಲೆ ಟಿಕೀಟು ಕೈಯಾಗ ಇಟ್ಕೊಂಡ ಕಾಲು ಇಡಬೇಕು. ಈ ವ್ಯತ್ಯಾಸ ಹುಬ್ಬಳ್ಳಿಯವ್ರಿಗೆ, ದಾವಣಗೆರಿಯವ್ರಿಗೆ ಹುಟ್ಟಾ ಬರ್ತೈತಿ. ನಮ್ಮ ನಾಕು ಊರಿನವ್ರಿಗೆ ಎಲ್ಲಿಂದ ಬರಬೇಕು? ಹಾನಗಲ್ಲಕ್ಕ ರೈಲಿಲ್ಲ, ಶಿಗ್ಗಾಂವಿಗಿಲ್ಲ, ಹಿರೇಕೆರೂರಿಗಿಲ್ಲ. ಸವಣೂರಿನ ಹೆಸರಿನ್ಯಾಗ ಒಂದು ಟೇಶನ್ನು ಐತಿ, ಅದೂ ಊರಿಂದ ದೂರ. ಕದಂಬರು ಆಳಿದ್ದ ಹಾನಗಲ್ಲ, 1948ರ ತನಕ ನವಾಬರ ರಾಜಧಾನಿಯಾಗಿದ್ದ ಸವಣೂರು, ಎರಡನ್ನೂ ಬಿಟ್ಟು 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆಯವ್ರು ಹುಬ್ಬಳ್ಳಿಯಿಂದ ಹರಿಹರಕ್ಕ ಮೀಟರ್ ಗೇಜ್ ಹಳಿ ಹಾಕಿಕೊಂಡು ಹೋದ್ರು. ಅವತ್ತಿಂದ ನಮ್ಮ ಮಂದಿ ರೈಲಿಗೆ ಬಸ್ಸಿನ್ಯಾಗ ಹೋಗಾವ್ರು. ಹಿರೇಕೆರೂರಿನವ್ರು ರಾಣೆಬೆನ್ನೂರಿಗೋ ಬ್ಯಾಡಗಿಗೋ ಹೋಗ್ತಾರ, ಶಿಗ್ಗಾಂವಿಯವ್ರು ಹೆದ್ದಾರಿಗೆ ಬಂದು ಸೀದಾ ಹುಬ್ಬಳ್ಳಿ ಬಸ್ಸು ಹಿಡೀತಾರ.

– ಶಿಕಾರಿಪುರದ ಕಡೆಯಿಂದ ಹೊಸಾ ಹಳಿ ಬರ್ತೈತಂತಲ್ಲ?

– ಶಿವಮೊಗ್ಗದಿಂದ ಶಿಕಾರಿಪುರದ ಮ್ಯಾಲೆ ರಾಣೆಬೆನ್ನೂರಿಗೆ, ನೂರು ಕಿಲೋಮೀಟರ್ ಮ್ಯಾಲೆ ಸ್ವಲ್ಪ. ಬಂದ ಮ್ಯಾಲೆ ಹಿರೇಕೆರೂರಿನ ಕಡೆಯವ್ರಿಗೆ ಸ್ವಲ್ಪ ಹತ್ರ ಆಗ್ತೈತಿ. ಹಾನಗಲ್ಲಕ್ಕ ಅದರಿಂದ ಏನೂ ಇಲ್ಲ.

– ನಮ್ಮ ಮಂದಿಗೆ ಗಾಡಿ ಅಂದ್ರ ಗಾಡಿ ಕಾಕಾ. ಹುಬ್ಬಳ್ಳಿಗೆ ಹೋಗ್ತೈತೋ ಇಲ್ಲೋ, ಅಷ್ಟ ಕೇಳ್ತಾರ.

– ಅದ ಕುತ್ತು. ಹಾವೇರಿ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತು ನೋಡು. ಜನಶತಾಬ್ದಿ ಬರ್ತೈತಿ, ಅದರಾಗ ಜನರಲ್ ಡಬ್ಬಿನ ಇಲ್ಲ, ಎಲ್ಲಾ ಕಾಯ್ದಿರಿಸಿದ ಸೀಟು. ಸಿದ್ಧಗಂಗಾ ಇಂಟರ್‌ಸಿಟಿ ಬರ್ತೈತಿ, ಜನರಲ್ ಡಬ್ಬಿ ಐತಿ, ಆದ್ರ ಅದು ಸೂಪರ್‌ಫಾಸ್ಟ್, ಸೆಕೆಂಡ್ ಕ್ಲಾಸಿಗೆ 15 ರೂಪಾಯಿ ಹೆಚ್ಚಿಗಿ. ರಾಣಿ ಚೆನ್ನಮ್ಮ, ವಿಶ್ವಮಾನವ ಬರ್ತಾವ, ಅವು ಬರೇ ಎಕ್ಸ್‌ಪ್ರೆಸ್. ಆಮ್ಯಾಲೆ ಪ್ಯಾಸೆಂಜರು. ಎಲ್ಲಾ ಹುಬ್ಬಳ್ಳಿಗೇ ಹೋಗೂವು. ಟಿಕೀಟು ಮಾತ್ರ ಒಂದೊಂದಕ್ಕ ಒಂದೊಂದು. ನಂಬರ್ ನೋಡಿದ್ರ ತಿಳೀತೈತಿ, 12, 20, 22 ಅಂತ ಶುರುವಾದ್ರ ಸೂಪರ್‌ಫಾಸ್ಟು, 16, 17 ಇದ್ರ ಎಕ್ಸ್‌ಪ್ರೆಸ್ಸು, 5 ಅಂತ ಶುರುವಾದ್ರ ಪ್ಯಾಸೆಂಜರು, 6 ಇದ್ರ ಮೆಮು ಅಂಥಾವು. ಆದ್ರ ಐದಂಕಿ ಓದಿ ಗಾಡಿ ಹತ್ತು ಅಂತ ಯಾವ ಅವ್ವಗ ಯಾರು ಕಲಿಸ್ಯಾರ?

– ಕಲಿತಾವ್ರೂ ಕೊರೊನಾ ಬಂದ ಮ್ಯಾಲೆ ಮರತ್ರು. ನಮ್ಮ ಊರಿನವ್ರು ಅವಾಗ ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ ರೊಕ್ಕ ಕೊಟ್ಟಾರ.

– ಖರೇ. 2020ರಾಗ ನಿಂತ ಪ್ಯಾಸೆಂಜರ್ ಗಾಡಿಗೋಳು ತಿರುಗಿ ಶುರುವಾದಾಗ ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರಿಟ್ಟುಕೊಂಡು ಬಂದ್ವು. 10 ರೂಪಾಯಿ ಇದ್ದ ಕನಿಷ್ಠ ಬಾಡಿಗಿ 30 ಆತು. ಅದ ಡಬ್ಬಿ, ಅದ ವೇಗ, ಅದ ಎಲ್ಲಾ ಟೇಶನ್ನಿನ್ಯಾಗ ನಿಲ್ಲೂದು. 2024ರ ಫೆಬ್ರುವರಿಯೊಳಗ ಮತ್ತ 10ಕ್ಕ ತಂದ್ರು. ಮಂದಿ ಗಾಡಿ ಗುರುತು ಹಿಡಿಯೂದು ಕಣ್ಣಿಂದ, ರೈಲ್ವೆ ಗುರುತು ಹಿಡಿಯೂದು ದರಪಟ್ಟಿಯಿಂದ. ನಡುವ ಸಿಕ್ಕಾಂವ ದಂಡ ಕಟ್ತಾನ. ಇರ್ಲಿ, ನಿನ್ನ ಕೆಲಸಕ್ಕ ಬರೂಣು. ಆ ಎರಡನೇ ಬಾಬ್ತು.

– ಬೆಂಗಳೂರಿಂದ ಬಾಡಿಗಿ.

– ಹೂಂ. ಅಲ್ಲೆ ಐತಿ ನಿನ್ನ ಕೇಸು. ಕಾಯ್ದೆ ಏನಂತೈತಿ ಅಂದ್ರ, ಹೋದಷ್ಟು ದೂರದ ಬಾಡಿಗಿ ತಗೋಬೇಕು. ಎಲ್ಲಿ ಹತ್ತಿದ ಅನ್ನೋದು ಅನುಮಾನ ಇದ್ರ ಮಾತ್ರ ಗಾಡಿ ಹೊಂಟ ಟೇಶನ್ನಿಂದ ಹಿಡಿಬೇಕು. ಅದರಾಗೂ ಒಂದು ಕಟ್ಟು ಐತಿ. ನಡುವ ಎಲ್ಲಾರ ಟಿಕೀಟು ತಪಾಸಣಿ ಆಗಿದ್ರ, ಕಡೀಗೆ ಎಲ್ಲಿ ಆತೋ ಅಲ್ಲಿಂದ ಅಷ್ಟ. ಹಾನಗಲ್ಲ ಅನ್ನೋ ಟೇಶನ್ನು ಮಷೀನಿನ್ಯಾಗ ಸಿಗಲಿಲ್ಲ ಅಂತ ಟೀಸಿಗೆ ಅನುಮಾನ ಹುಟ್ಟಿತು. ಹುಟ್ಟಿದ ಅನುಮಾನದ ಮ್ಯಾಲೆ ನಾಕನೂರು ಕಿಲೋಮೀಟರಿಗಿಂತ ಜಾಸ್ತಿ ಬಾಡಿಗಿ ಬಿತ್ತು. ಹಾವೇರಿಯಿಂದ ಹುಬ್ಬಳ್ಳಿ ಎಪ್ಪತ್ತೈದರ ಆಜೂಬಾಜೂ.

– ದಾವಣಗೆರಿ ಬಿಟ್ಟ ಮ್ಯಾಲೆ ಒಮ್ಮೆ ಟಿಕೀಟು ಕೇಳಿದ್ರು ಅಂತ ಬಾಜೂ ಕುಂತ ಹೆಣ್ಮಗಳು ಅವ್ವಗ ಹೇಳ್ಯಾಳ.

– ಅದನ್ನ ಬರಕೋ. ಆದ್ರ ಅದು ಬಾಯಿ ಮಾತು, ಆಕಿ ಯಾರು ಏನು ಗೊತ್ತಿಲ್ಲ. ಕಾಗದ ಏನೈತಿ? ಆ ಹುಡುಗನ ಮೊಬೈಲಿನ್ಯಾಗ ಟಿಕೀಟು ಇನ್ನೂ ಐತೇನು?

– ಐತ್ರಿ. ಇಬ್ರಿಗೆ, ಹಾವೇರಿಯಿಂದ ಹುಬ್ಬಳ್ಳಿಗೆ, ತಾರೀಖು, ವ್ಯಾಳೆ ಎಲ್ಲಾ. ಅದನ್ನ ಫೋಟೋ ತಗದು ಅವತ್ತ ಯಾರದಾರ ಫೋನಿಗೆ ಕಳಿಸಿದ್ರ ನಡೀತಿತ್ತೇನು?

– ಪ್ರಯಾಣಕ್ಕ ನಡಿಯೂದಿಲ್ಲ, ತಗದ ಮೊಬೈಲಿನ್ಯಾಗ, ಆ ಆ್ಯಪಿನೊಳಗ ತೋರಿಸಬೇಕು. ಅದಕ್ಕ ವಯಸ್ಸಾದವ್ರ ಕೈಯಾಗ ಕಾಗದದ ಟಿಕೀಟು ಕೊಡ್ರಿ ಅಂತ ನಾ ಹೇಳೂದು. ಪುರಾವೆಕ್ಕ ಮಾತ್ರ ಈಗ ನಡೀತೈತಿ. ಇನ್ನೇನೈತಿ?

– ಇನ್ನೇನೂ ಇಲ್ಲರಿ. ಆಕಿ ಎಲಿ ಅಡಿಕಿ ಚಂಚಿಯೊಳಗ ಒಂದು ಬಸ್ಸಿನ ಚೀಟಿ ಇತ್ತು, ಅದೂ ಸೊನ್ನೆ ರೂಪಾಯಿದು, ಶಕ್ತಿ ಯೋಜನೆದು.

– ತಡಿ ತಡಿ. ಎಲ್ಲೈತಿ ಅದು? ಒಗದಿಲ್ಲಲ್ಲ?

– ಆಕಿ ಒಗಿಯೂದಿಲ್ಲ. ಚೆಕಿಂಗಿನವ್ರು ಬಂದ್ರ ಕೇಳ್ತಾರ ಅಂತ ಎಲ್ಲಾ ಚೀಟಿ ಇಟ್ಟಿರ್ತಾಳ. ಸೊನ್ನೆ ರೂಪಾಯಿ ಚೀಟಿಗೆ ಏನು ಬೆಲಿ ಬರ್ತೈತಿ?

– ಬೆಲಿನ? ನಿನ್ನ ಹತ್ರ ಇರೂದರಾಗ ಭಾಳ ಬೆಲಿ ಬಾಳೂ ಕಾಗದ ಅದ. ವಾಯವ್ಯ ಸಾರಿಗೆ ಮಷೀನಿನ ಚೀಟಿ, ಅದರ ಮ್ಯಾಲೆ ಹಾನಗಲ್ಲ – ಹಾವೇರಿ ಅಂತ ಇರ್ತೈತಿ, ತಾರೀಖು ಇರ್ತೈತಿ, ಗಂಟೆ ನಿಮಿಷ ಇರ್ತೈತಿ. ಈಗ ಲೆಕ್ಕ ಹಾಕು. ಬೆಂಗಳೂರು ಬಿಟ್ಟ ಯಾವ ಗಾಡಿನೂ ಹಾವೇರಿಗೆ ಬರಾಕ ಕೆಲವು ತಾಸು ಬೇಕು. ಹಾನಗಲ್ಲಿಂದ ಹಾವೇರಿಗೆ ಬಸ್ಸಿನ್ಯಾಗ ಒಂದು ತಾಸು. ಅಂದ್ರ ಆ ಗಾಡಿ ಬೆಂಗಳೂರು ಬಿಟ್ಟಾಗ ನಿಮ್ಮವ್ವ ಇನ್ನೂ ಊರಾಗ ಇದ್ಲು. ದಾವಣಗೆರಿ ಬಿಡೂ ಹೊತ್ತಿಗೆ ಬಸ್ ಸ್ಟ್ಯಾಂಡಿನ್ಯಾಗೋ ಬಸ್ಸಿನ್ಯಾಗೋ ಇದ್ಲು. ಇನ್ನ ಬೆಂಗಳೂರಿನ್ಯಾಗ ಹತ್ತೂದು ಎಲ್ಲಿಂದ ಬಂತು?

– ಆದ್ರ ಚೀಟಿ ಮ್ಯಾಲೆ ಆಕಿ ಹೆಸರಿಲ್ಲಲ್ರಿ. ಯಾರದೋ ಚೀಟಿ ತಂದಾರ ಅಂದ್ರ?

– ಅನ್ನಬಹುದು, ಅನ್ನಾವ್ರು ಅದಾರ. ಆದ್ರ ಅನುಮಾನ ಪರಿಹಾರ ಆಗಾಕ ಹಣಿಬರಹ ಬರದ ಪುರಾವೆ ಬೇಕಾಗೂದಿಲ್ಲ. ಬಸ್ಸಿನ ಚೀಟಿ ಒಂದು, ಅದಾದ ಸ್ವಲ್ಪ ಹೊತ್ತಿಗೆ ಇಬ್ರ ಲೆಕ್ಕದಾಗ ತಗದ ಮೊಬೈಲ್ ಟಿಕೀಟು ಒಂದು. ಎರಡೂ ಒಂದಕ್ಕೊಂದು ಕೂಡ್ತಾವ. ಆಕಿ ಹಾನಗಲ್ಲಿಂದ ಅಂದದ್ದಕ್ಕೂ ಕೂಡ್ತಾವ. ಒಂದು ಕೆಲಸ ಇವತ್ತ ಮಾಡು. ಅದು ಬಿಸಿ ಕಾಗದದ ಅಚ್ಚು, ಚಂಚಿಯೊಳಗಿದ್ರ ತಿಂಗಳೊಪ್ಪತ್ತಿನ್ಯಾಗ ಅಳಕಿ ಹೋಗ್ತೈತಿ. ಹೋಗಿ ಝೆರಾಕ್ಸ್ ಮಾಡಿಸು. ಈ ರೈಲ್ವೆ ರಸೀದಿದೂ ಮಾಡಿಸು.

– ಇನ್ನೊಂದು ಮಾತು ಐತ್ರಿ. ಅವ್ವ ಮೊದಲ ರೊಕ್ಕ ಕೊಡೂದಿಲ್ಲ ಅಂದಾಗ, ಯಲವಿಗಿಯೊಳಗ ಇಳಿಸಿಬಿಡ್ತೀನಿ ಅಂದ್ನಂತ. ಆಕಿ ಅಂಜಿ ಐದನೂರರ ನೋಟು ತಗದು ಕೊಟ್ಟಾಳ.

– ಅದು ತಪ್ಪು. ಹಂಗ ಇಳಿಸಾಕ ಬರೂದಿಲ್ಲ. ಬಾಡಿಗಿ ಕೊಡದಾವ್ರನ್ನ ಇಳಿಸೂ ಅಧಿಕಾರ 139ನೇ ಕಲಮಿನ್ಯಾಗ ಐತಿ, ಆದ್ರ ಜೋಡಿ ಗಂಡಸರು ಇಲ್ಲದ ಹೆಣ್ಮಗಳು ಇಲ್ಲಾ ಕೂಸು ಇದ್ರ ನಾಕ ಜಾಗ. ಆಕಿ ಹತ್ತಿದ ಟೇಶನ್ನು, ಜಂಕ್ಷನ್ನು, ಕಡೀ ಟೇಶನ್ನು, ಇಲ್ಲಾ ಜಿಲ್ಲಾದ ಮುಖ್ಯ ಠಾಣ್ಯದ ಟೇಶನ್ನು. ಅದೂ ಹಗಲಿನ್ಯಾಗ ಅಷ್ಟ. ಈಗ ಹಾವೇರಿ ಬಿಟ್ಟ ಮ್ಯಾಲೆ ಎಣಿಸು. ಕರಜಗಿ, ಸವಣೂರು, ಯಲವಿಗಿ, ಕಳಸ, ಗುಡಗೇರಿ, ಸಂಶಿ, ಕುಂದಗೋಳ. ಇದರಾಗ ಒಂದಾರ ಜಂಕ್ಷನ್ ಐತೇನು? ಜಿಲ್ಲಾ ಠಾಣ್ಯ ಐತೇನು? ಹುಬ್ಬಳ್ಳಿ ಬರೂ ತನಕ ಆಕಿನ್ನ ಕಾಯ್ದೆ ಪ್ರಕಾರ ಇಳಿಸೂ ಜಾಗಾನ ಇಲ್ಲ.

– ಹಾವೇರಿಯೊಳಗ ಇಳಿಸಬಹುದಿತ್ತು ಅಂದಂಗಾತು.

– ಹೌದು, ಯಾಕಂದ್ರ ಹತ್ತಿದ್ದೂ ಅಲ್ಲೇ, ಜಿಲ್ಲಾ ಠಾಣ್ಯನೂ ಅದ. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲಾ ಒಡದು ಹಾವೇರಿ ಜಿಲ್ಲಾ ಆತಲ್ಲ, ಅದಕ್ಕ ಮೊದಲ ಹಾವೇರಿಗೂ ಈ ಮಾನ ಇರಲಿಲ್ಲ. ಜಿಲ್ಲಾ ಆಗಿದ್ದಕ್ಕ ಹಿಂಗೂ ಒಂದು ಉಪಯೋಗ ಐತಿ ಅಂತ ಹೋರಾಟ ಮಾಡಿದಾವ್ರಿಗೆ ಗೊತ್ತಿತ್ತೋ ಇಲ್ಲೋ.

– ನಗಬ್ಯಾಡ್ರಿ ಕಾಕಾ. ಇದನ್ನೂ ಬರೀತೀನಿ.

– ಬರಿ, ಆದ್ರ ಕಡೀಗೆ ಬರಿ. ಬೆದರಿಸಿದ ಅನ್ನೋದಕ್ಕ ಸಾಕ್ಷಿ ಬೇಕು, ರೊಕ್ಕ ಜಾಸ್ತಿ ತಗೊಂಡ ಅನ್ನೋದಕ್ಕ ರಸೀದಿನ ಸಾಕ್ಷಿ. ಗಟ್ಟಿ ಇರೂದನ್ನ ಮುಂದ ಇಡು.

– ಯಾರಿಗೆ ಬರೀಲಿ? ಹುಬ್ಬಳ್ಳಿ ರೈಲ್ ಸೌಧಕ್ಕೋ?

– ನೈಋತ್ಯ ರೈಲ್ವೆದ ಮುಖ್ಯ ಕಚೇರಿ ಹುಬ್ಬಳ್ಳಿಯಾಗ ಇದ್ರೂ ಹಾವೇರಿ ಟೇಶನ್ನು ಬರೂದು ಮೈಸೂರು ವಿಭಾಗಕ್ಕ. ಕಣ್ಣೆದುರಿಗೆ ಇರೂ ಕಚೇರಿ ಬಿಟ್ಟು ದೂರದ ಕಚೇರಿಗೆ ಬರೀಬೇಕಾಗೂದು ನಮ್ಮ ನಸೀಬು. ಆದ್ರ ಟೀಸಿ ಬ್ಯಾರೆ ವಿಭಾಗದಾಂವ ಇರಬಹುದು, ಅದನ್ನ ರಸೀದಿ ನೋಡಿ ಖಾತ್ರಿ ಮಾಡಿಕೋ. ಆ ವಿಭಾಗದ ಹಿರಿಯ ವಾಣಿಜ್ಯ ವ್ಯವಸ್ಥಾಪಕರ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡು. ಅದರ ಜೋಡಿ 139ಕ್ಕ ಫೋನ್ ಮಾಡು, ಇಲ್ಲಾ ರೈಲ್ ಮದದ್‌ದಾಗ ಬರಿ. ಒಂದು ನಂಬರ್ ಕೊಡ್ತಾರ. ಅದು ಇರ್ಲಿ, ಮುಂದ ಬೇಕಾಗ್ತೈತಿ.

– ಅವರು ಉತ್ತರ ಕೊಡಲಿಲ್ಲ ಅಂದ್ರ?

– ಹಾವೇರಿಯೊಳಗ ಜಿಲ್ಲಾ ಗ್ರಾಹಕರ ಆಯೋಗ ಐತಿ. 2019ರ ಗ್ರಾಹಕ ಕಾಯ್ದೆ ಬಂದ ಮ್ಯಾಲೆ ದೂರು ಕೊಡಾವ್ರು ಇರೂ ಊರಿನ್ಯಾಗನ ಹಾಕಬಹುದು, ಮೊದಲಿನಂಗ ಎದುರಿನವ್ರ ಊರಿಗೆ ಹೋಗಬೇಕಂತಿಲ್ಲ. ಐದು ಲಕ್ಷದ ತನಕ ಫೀ ಇಲ್ಲ. ಎರಡು ವರ್ಷದ ಒಳಗ ಹಾಕಬೇಕು. ವಕೀಲರು ಬೇಕೇ ಬೇಕು ಅಂತನೂ ಇಲ್ಲ. ರೈಲ್ವೆದವ್ರು ಬಂದು, ಬಾಡಿಗಿ ವಾಪಸಿನ ಮಾತು ಇದ್ರ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಗೆ ಹೋಗ್ರಿ, ಇಲ್ಲಿ ಬರಬ್ಯಾಡ್ರಿ ಅಂತಾರ. ಅದು ಅವರ ಹಳೇ ವಾದ.

– ಈ ಮಟ ಹೋದಾವ್ರು ಯಾರಾರ ಅದಾರೇನು?

– ಮಥುರಾದಾಗ ತುಂಗನಾಥ ಚತುರ್ವೇದಿ ಅಂತ ಒಬ್ಬರು ವಕೀಲರು. 1999ರ ಡಿಸೆಂಬರಿನ್ಯಾಗ ಮುರಾದಾಬಾದಿಗೆ ಎರಡು ಟಿಕೀಟು ತಗೊಂಡ್ರು. 70 ಆಗಬೇಕಿತ್ತು, ಕಿಟಕಿಯಾಂವ 90 ತಗೊಂಡ. 20 ರೂಪಾಯಿ. ಗ್ರಾಹಕರ ನ್ಯಾಯಾಲಯಕ್ಕ ಹೋದ್ರು. ರೈಲ್ವೆದವ್ರು ನ್ಯಾಯಮಂಡಳಿಗೆ ಹೋಗ್ರಿ ಅಂತ ಅದ ವಾದ ಹಚ್ಚಿದ್ರು. ನೂರಕ್ಕ ಮಿಕ್ಕಿ ವಾಯಿದೆ ಆದ್ವು. 2022ರಾಗ ಗೆದ್ರು. ಆ 20 ರೂಪಾಯಿ, ವರ್ಷಕ್ಕ ನೂರಕ್ಕ 12ರ ಬಡ್ಡಿ ಸೇರಿಸಿ, ಮ್ಯಾಲೆ 15,000 ಕೊಡ್ರಿ ಅಂತ ಆದೇಶ ಆತು.

– ಇಪ್ಪತ್ತೆರಡು ವರ್ಷ! ಅಂಜಸಾಕ ಹೇಳಿದ್ರೋ, ಹುರಿದುಂಬಿಸಾಕ ಹೇಳಿದ್ರೋ?

– ಅಳತಿ ಗೊತ್ತಿರ್ಲಿ ಅಂತ ಹೇಳಿದೆ. ಎಲ್ಲಾ ಹಂಗ ಎಳಿಯೂದಿಲ್ಲ. ಸಹಾರನಪುರದ ವಿಷ್ಣುಕಾಂತ ಶುಕ್ಲಾ ಅಂತ ನಿವೃತ್ತ ಪ್ರಾಧ್ಯಾಪಕರು, 2013ರ ನವೆಂಬರಿನ್ಯಾಗ ಹಿಮಗಿರಿ ಎಕ್ಸ್‌ಪ್ರೆಸ್ಸಿನ್ಯಾಗ ಹೊಂಟಿದ್ರು. ಅವರ ಟಿಕೀಟಿನ ಮ್ಯಾಲೆ 2013ರ ಬದಲಿಗೆ 3013 ಅಂತ ಅಚ್ಚಾಗಿತ್ತು. ಸಾವಿರ ವರ್ಷ ಮುಂದಿನ ಟಿಕೀಟು. ಟೀಸಿ ದಂಡ ಕೇಳಿ ಗಾಡಿಯಿಂದ ಇಳಿಸಿಬಿಟ್ಟ. 2018ರಾಗ ಗ್ರಾಹಕರ ವೇದಿಕೆ ಅವರಿಗೆ 10,000 ಪರಿಹಾರ, ಮ್ಯಾಲೆ 3,000 ಕೊಡಿಸಿತು. ಈ ಇಬ್ರೂ ಗೆದ್ದದ್ದು ಯಾಕ? ತಾವು ಒಳ್ಳೆಯವ್ರು ಅಂತ ವಾದ ಮಾಡಿ ಅಲ್ಲ. ಕಾಗದದಾಗ ರೈಲ್ವೆದ ತಪ್ಪು ಕಣ್ಣಿಗೆ ಕಾಣೂವಂಗ ಇತ್ತು, ಅದರ ಮ್ಯಾಲೆ ಬೆರಳಿಟ್ರು.

– ನಮ್ಮ ರಸೀದಿಯಾಗ ಬೆಂಗಳೂರು ಅಂತ ಐತಿ, ಚೀಟಿಯಾಗ ಹಾನಗಲ್ಲ ಅಂತ ಐತಿ.

– ಈಗ ತಿಳೀತು ನೋಡು ನಿನಗ. ಅರ್ಜಿಯೊಳಗ ನಮ್ಮವ್ವ ಪ್ರಾಮಾಣಿಕಳು, ಬಡವಿ, ವಯಸ್ಸಾದಾಕಿ ಅಂತ ಒಂದು ಪುಟ ಬರೀಬ್ಯಾಡ. ಓದಾವ್ರಿಗೆ ಅಂಥಾವು ದಿನಾ ಬರ್ತಾವ. 138ನೇ ಕಲಮಿನ ಪ್ರಕಾರ ಹತ್ತಿದ ಟೇಶನ್ನು ಅನುಮಾನ ಇದ್ರ ಮಾತ್ರ ಗಾಡಿ ಹೊಂಟಲ್ಲಿಂದ ಬಾಡಿಗಿ, ಇಲ್ಲೆ ಅನುಮಾನಕ್ಕ ಜಾಗ ಇಲ್ಲ, ಯಾಕಂದ್ರ ಇಂಥಾ ಹೊತ್ತಿಗೆ ಪ್ರಯಾಣಿಕರು ಹಾನಗಲ್ಲ – ಹಾವೇರಿ ಬಸ್ಸಿನ್ಯಾಗ ಇದ್ರು, ಚೀಟಿ ಲಗತ್ತಿಸೇನಿ. ಹಾವೇರಿಯಿಂದ ಬಾಡಿಗಿ ಲೆಕ್ಕ ಹಾಕಿ ಉಳಿದದ್ದನ್ನ ತಿರುಗಿ ಕೊಡ್ರಿ. ಇಷ್ಟ, ಅರ್ಧ ಪುಟ.

– ಕನ್ನಡದಾಗ ಬರದ್ರ ಓದ್ತಾರೇನು?

– ಬರಿ. ಓದಾಕ ಬರದಾವ್ರು ಓದಿಸಿಕೊಳ್ಳಲಿ, ಅವ್ವ ಹಾನಗಲ್ಲ ಅಂದದ್ದನ್ನ ಅರ್ಥ ಮಾಡಿಕೊಳ್ಳೂ ತ್ರಾಸು ಅವ್ರೂ ಒಮ್ಮೆ ತಗೊಳ್ಳಲಿ. ಬೇಕಂದ್ರ ಇಂಗ್ಲಿಷಿನ ಒಂದು ಪ್ರತಿ ಜೋಡಿ ಇಡು.

– ಮತ್ತ ಆ 250? ಅದನ್ನೂ ಕೇಳಿಬಿಡ್ಲಿ? ಬಿಟ್ಟುಕೊಡಾಕ ನನಗ ಮನಸಿಲ್ಲ ಕಾಕಾ. ಡಬ್ಬಿಯೊಳಗ ಬೋರ್ಡು ಹಾಕಲಾರದ ಕಾಯ್ದೆ ತಿಳಿದಿಲ್ಲ ಅಂತ ದಂಡ ಹಾಕೂದು ಯಾವ ನ್ಯಾಯ?

– ನ್ಯಾಯ ಅಲ್ಲ ಅಂತ ನಾನೂ ಅಂತೀನಿ. ಆದ್ರ ಅದನ್ನ ಈ ಅರ್ಜಿಯೊಳಗ ತುರಕಿದ್ರ, 250 ಕಾಯ್ದೆ ಪ್ರಕಾರ ಸರಿ ಐತಿ ಅಂತ ಒಂದು ಸಾಲು ಬರದು ಎಲ್ಲಾನೂ ತಳ್ಳಿಹಾಕ್ತಾರ. ನಾ ಕಿಟಕಿ ಹಿಂದಿನಾಂವ, ಫೈಲು ಹೆಂಗ ಮುಚ್ಚತಾರ ಅಂತ ಗೊತ್ತೈತಿ. ಬೋರ್ಡಿನ ಮಾತು ಬ್ಯಾರೆ ಅರ್ಜಿ ಮಾಡು, ನಾನೂ ಸಹಿ ಹಾಕ್ತೀನಿ. ಅಲ್ಲಾ, ಅವ್ವ ಏನಂತಾಳ?

– ಆಕಿ 250ರ ಮಾತ ಎತ್ತೂದಿಲ್ಲರಿ. ಗಾಡಿ ತಪ್ಪಿ ಹತ್ತಿದ್ದು ನಾ, ಕೊಟ್ಟೀನಿ, ಹೋತು ಅಂತಾಳ. ಬೆಂಗಳೂರಿನ ರೊಕ್ಕ ಮಾತ್ರ ಬಿಡಬ್ಯಾಡ ಅಂತಾಳ. ನಾ ಇನ್ನೂ ಬೆಂಗಳೂರು ನೋಡಿಲ್ಲ, ನೋಡಲಾರದ ಊರಿಂದ ಬಂದೀನಂತ ಯಾಕ ಇಸಗೊಂಡ್ರು, ಕೇಳು ಅಂತಾಳ.

– ಆಕಿ ಅಂದಂಗ ಬರಿ. ಕಲಮಿನ ನಂಬರ್ ನಾ ಸೇರಸ್ತೀನಿ.